ಅಕ್ಕ ನಿಂತ ಜಾಗ

“ಸೊನ್ನೆ,” ಅಂದಳು ಲಾಯರ್. “ಅರ್ಧ ಆಟ ಮುಗೀತು. ನಿಮ್ಮಕ್ಕಂದು ಇನ್ನೂ ಸೊನ್ನೆ.”

ಕಾಲೇಜಿನ ಆಟದ ಹಾಲಿನಲ್ಲಿ, ಸಿಮೆಂಟು ಮೆಟ್ಟಿಲ ಮೇಲೆ ಅವಳೂ ಕಡ್ಡಿಯೂ ಕೂತಿದ್ದರು. ಕೆಳಗೆ ಒಬ್ಬ ಕೆಲಸದವನು ಉದ್ದ ಕೋಲಿನ ಬಟ್ಟೆಯಿಂದ ನೆಲಕ್ಕೆ ಬಿದ್ದ ಬೆವರು ಒರೆಸುತ್ತಿದ್ದ.

ಲಾಯರ್ ಅನ್ನುವ ಹೆಸರು ಇಟ್ಟಿದ್ದು ಕ್ಲಾಸ್ ಟೀಚರ್. ಸಾಕ್ಷಿ ಇಲ್ಲದೆ ಆ ಹುಡುಗಿ ಏನನ್ನೂ ನಂಬುತ್ತಿರಲಿಲ್ಲ. ಕಡ್ಡಿಗೆ ಆ ಹೆಸರು ಯಾಕೆ ಬಂತು ಅಂತ ಅವಳನ್ನು ನೋಡಿದವರು ಯಾರೂ ಕೇಳುತ್ತಿರಲಿಲ್ಲ.

ತಪ್ಪು ಕಡ್ಡಿಯದೇ. ಹೋದ ವಾರ ಊಟದ ಬಿಡುವಿನಲ್ಲಿ ಯಾರೋ ತಮ್ಮ ಅಣ್ಣನ ಹೊಸ ಬೈಕಿನ ಬಗ್ಗೆ ಜಂಬ ಕೊಚ್ಚುತ್ತಿದ್ದರು. ಕಡ್ಡಿಯ ಬಾಯಿ ಸುಮ್ಮನಿರಲಿಲ್ಲ. “ನಮ್ಮಕ್ಕ ಕಾಲೇಜ್ ಬಾಸ್ಕೆಟ್‌ಬಾಲ್ ಟೀಮಲ್ಲಿದಾಳೆ. ಒಂದೊಂದ್ ಮ್ಯಾಚಲ್ಲೂ ಇಪ್ಪತ್ತು ಪಾಯಿಂಟ್ ಹೊಡೀತಾಳೆ,” ಅಂದುಬಿಟ್ಟಿದ್ದಳು. ಅಕ್ಕನ ಒಂದು ಮ್ಯಾಚನ್ನೂ ಅವಳು ನೋಡಿರಲಿಲ್ಲ. ಆದರೆ ಅಕ್ಕ ಸಂಜೆ ಮನೆಗೆ ಬಂದವಳೇ ಫ್ರಿಜ್‌ನಿಂದ ಐಸ್ ತೆಗೆದು ಪಕ್ಕೆಗೆ ಒತ್ತಿಕೊಳ್ಳುತ್ತಿದ್ದಳು. ಅಷ್ಟು ಪೆಟ್ಟು ತಿನ್ನುವವಳು ಇಪ್ಪತ್ತಾದರೂ ಹೊಡೆಯಬೇಡವೇ?

“ನಾನೇ ಬಂದು ನೋಡ್ತೀನಿ,” ಅಂದಿದ್ದಳು ಲಾಯರ್. ಬಂದೂ ಬಂದಿದ್ದಳು. ನಾಳೆ ಮೊದಲ ಪೀರಿಯಡ್ ಮುಗಿಯುವುದರೊಳಗೆ ಕಡ್ಡಿ ಸುಳ್ಳಿ ಅಂತ ಇಡೀ ಕ್ಲಾಸಿಗೆ ಗೊತ್ತಾಗುತ್ತಿತ್ತು.

“ನಿಮ್ಮಕ್ಕ ಬಾಲ್ ಮುಟ್ಟೋದೇ ಇಲ್ವಲ್ಲೇ. ಹೋಗಿ ಹೋಗಿ ಸುಮ್ನೆ ನಿಂತ್ಕೊತಾಳೆ. ಬಸ್ಸಿಗೆ ಕಾಯೋ ಥರ.”

ಅದು ನಿಜವೇ ಆಗಿತ್ತು. ಪಾಯಿಂಟೆಲ್ಲ ಏಳನೇ ನಂಬರಿನವಳದು. ಚಪ್ಪಾಳೆಯೂ ಅವಳಿಗೇ.

ಹಿಂದಿನ ಮೆಟ್ಟಿಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿದ್ದ ಒಬ್ಬರು ಟೈಲರ್ ಆಂಟಿ. ಅಂಗಡಿಯಿಂದ ನೇರ ಓಡಿಬಂದಂತಿತ್ತು.

“ಏಳನೇ ನಂಬರ್ ನನ್ ಮಗಳು,” ಅಂದರು ಅವರು. “ಆದ್ರೆ ನಾನು ನೋಡೋದು ಹದಿಮೂರನ್ನ. ನಿಮ್ಮಕ್ಕ ತಾನೆ ಅವಳು?”

“ಹೂಂ. ಅವಳನ್ನ ಯಾಕೆ ನೋಡ್ತೀರ ಆಂಟಿ?”

“ಅವಳು ಎಲ್ಲಿ ನಿಂತ್ಲು ಅಂತ ನೋಡ್ಕೊಂಡ್ರೆ, ನನ್ ಮಗಳು ಎಲ್ಲಿಂದ ಹೊರಗೆ ಬರ್ತಾಳೆ ಅಂತ ಗೊತ್ತಾಗುತ್ತೆ. ಐದ್ ನಿಮಿಷ ಬಾಲನ್ನ ಮರ್ತುಬಿಡು ಮರಿ. ಅಕ್ಕನ್ನೇ ನೋಡು.”

ಸೀಟಿ ಕೇಳಿಸಿತು. ಕಡ್ಡಿ ಬಾಲಿನಿಂದ ಕಣ್ಣು ಕಿತ್ತುಕೊಂಡಳು. ಅದೇನೂ ಸುಲಭವಾಗಿರಲಿಲ್ಲ, ಬಾಲು ಕಣ್ಣನ್ನು ಎಳೆಯುತ್ತಲೇ ಇತ್ತು.

ಅಕ್ಕ ಓಡಿದಳು, ನಿಂತಳು. ಕಾಲು ಅಗಲಿಸಿ, ಕೈ ಎದೆಗೆ ಕಟ್ಟಿಕೊಂಡು. ಏಳನೇ ನಂಬರಿನವಳು ಅಕ್ಕನ ಭುಜ ಸವರಿದಷ್ಟು ಹತ್ತಿರದಿಂದ ಹಾದುಹೋದಳು. ಅವಳ ಬೆನ್ನು ಹತ್ತಿದ್ದ ಹಸಿರು ಅಂಗಿಯ ಎತ್ತರದ ಹುಡುಗಿ ಸೀದಾ ಬಂದು ಅಕ್ಕನಿಗೆ ಗುದ್ದಿದಳು. ದೊಪ್ಪೆಂಬ ಸದ್ದು ಮೆಟ್ಟಿಲವರೆಗೂ ಕೇಳಿಸಿತು. ಆ ಒಂದು ಕ್ಷಣ ಏಳನೇ ನಂಬರಿನ ಸುತ್ತ ಯಾರೂ ಇರಲಿಲ್ಲ. ಬಾಲು ಬುಟ್ಟಿಯೊಳಗೆ ಬಿತ್ತು. ಹಾಲೆಲ್ಲ ಚಪ್ಪಾಳೆ.

ಅಕ್ಕ ಆಗಲೇ ಇನ್ನೊಂದು ಕಡೆಗೆ ಓಡುತ್ತಿದ್ದಳು.

“ಇದು ಫೌಲ್ ಅಲ್ವಾ?” ಲಾಯರ್ ಕೇಳಿದಳು.

“ನಿಂತವಳು ಅಲುಗಾಡಿದ್ರೆ ಫೌಲ್. ಅವಳು ಅಲುಗಾಡಲ್ಲ,” ಅಂದರು ಆಂಟಿ.

ಮತ್ತೆ ಓಡಿದಳು, ನಿಂತಳು. ದೊಪ್. ಮತ್ತೆ. ಮತ್ತೆ. ಇಷ್ಟು ಹೊತ್ತು ಇದೆಲ್ಲ ತನ್ನ ಕಣ್ಣ ಮುಂದೆಯೇ ನಡೆಯುತ್ತಿತ್ತು ಎನ್ನುವುದನ್ನು ಕಡ್ಡಿಗೆ ನಂಬಲಾಗಲಿಲ್ಲ. ಒಂದೇ ಹಾಲಿನಲ್ಲಿ ಎರಡು ಆಟ ನಡೆದಿತ್ತು. ಅವಳು ಒಂದನ್ನು ಮಾತ್ರ ನೋಡಿದ್ದಳು.

ಆಮೇಲೆ ಹಸಿರು ಹುಡುಗಿಯ ಮೊಣಕೈ ಅಕ್ಕನ ಮೂಗಿಗೆ ಬಡಿಯಿತು. ರಕ್ತ ಬಂತು. ರಕ್ತ ಬಂದವರು ಹೊರಗೆ ಕೂರಬೇಕು, ಅದು ನಿಯಮ. ಕೋಚ್ ಬೇರೆ ಹುಡುಗಿಯನ್ನು ಒಳಗೆ ಕಳಿಸಿದರು. ಚುರುಕಿನ ಹುಡುಗಿ, ಬಾಲು ಚೆನ್ನಾಗಿ ಹಾಕುವವಳು.

ಆದರೆ ಏನೋ ಕೆಟ್ಟುಹೋಯಿತು. ಏಳನೇ ನಂಬರಿನವಳು ಎಡಕ್ಕೆ ಓಡಿದರೆ ಹಸಿರು ಹುಡುಗಿ ಎಡಕ್ಕೆ, ಬಲಕ್ಕೆ ಓಡಿದರೆ ಬಲಕ್ಕೆ, ನೆರಳಿನ ಹಾಗೆ. ತಡೆಯಲು ಅಲ್ಲಿ ಯಾರೂ ನಿಂತಿರಲಿಲ್ಲ. ಏಳನೇ ನಂಬರಿನವಳ ಬಾಲು ಬುಟ್ಟಿಯ ಅಂಚಿಗೆ ತಾಗಿ ಹೊರಗೆ ಹೋಯಿತು. ಇನ್ನೊಂದನ್ನು ಹಸಿರಿನವರು ಕಿತ್ತುಕೊಂಡರು. ಎಂಟು ಪಾಯಿಂಟ್ ಮುಂದಿದ್ದ ಟೀಮು ನೋಡನೋಡುತ್ತ ಒಂದು ಪಾಯಿಂಟ್ ಹಿಂದೆ ಬಿತ್ತು.

“ನಿಮ್ಮಕ್ಕನ್ನ ಕಳಿಸ್ಬಾರ್ದಾ ಈ ಕೋಚು,” ಗೊಣಗಿದ್ದು ಲಾಯರ್. ಹಾಗೆ ಅಂದದ್ದು ತಾನೇ ಅಂತ ಅವಳಿಗೂ ಗೊತ್ತಾಗಲಿಲ್ಲವೇನೋ.

ಇಪ್ಪತ್ತು ಸೆಕೆಂಡ್ ಉಳಿದಿತ್ತು. ಮೂಗಿಗೆ ಹತ್ತಿ ತುರುಕಿಕೊಂಡು ಅಕ್ಕ ಒಳಗೆ ಬಂದಳು. ಓಡಿದಳು, ನಿಂತಳು. ಹಸಿರು ಹುಡುಗಿ ಈ ಸಲ ಮೈಯ ಭಾರವನ್ನೆಲ್ಲ ಹಾಕಿ ಗುದ್ದಿದಳು. ಅಕ್ಕ ಬಿದ್ದು ನೆಲದ ಮೇಲೆ ಜಾರಿದಳು. ಏಳನೇ ನಂಬರಿನವಳು ಒಬ್ಬಳೇ ಎಗರಿದಳು, ಬಾಲು ಒಳಗೆ ಬಿತ್ತು, ಗಂಟೆ ಹೊಡೆಯಿತು.

ಎಲ್ಲರೂ ಏಳನೇ ನಂಬರಿನವಳನ್ನು ಎತ್ತಿ ಹೊತ್ತುಕೊಂಡರು. ಕಡ್ಡಿ ಅತ್ತ ನೋಡಲಿಲ್ಲ. ಅಕ್ಕ ಮಂಡಿಯೂರಿ ನೆಲದ ಮೇಲೆ ಏನೋ ಹುಡುಕುತ್ತಿದ್ದಳು. ಮೂಗಿನಿಂದ ಬಿದ್ದುಹೋದ ಹತ್ತಿ. ಯಾರಾದರೂ ತುಳಿದು ಜಾರಿಯಾರು ಅಂತ ಅದನ್ನು ಹೆಕ್ಕಿ, ಅಲ್ಲಿ ಬಿದ್ದಿದ್ದ ಎರಡು ಹನಿ ರಕ್ತವನ್ನು ಅಂಗಿಯ ಅಂಚಿನಿಂದ ಒರೆಸಿದಳು.

ಮರುದಿನ ಕ್ಲಾಸಿನಲ್ಲಿ ಎಲ್ಲರೂ ಲಾಯರ್ ಕೂತ ಮೇಜು ಮುತ್ತಿಕೊಂಡರು. “ಎಷ್ಟು ಹೊಡೆದ್ಲೇ? ಇಪ್ಪತ್ತಾ?”

ಲಾಯರ್ ಬಾಯಿ ತೆರೆಯುವ ಮೊದಲೇ ಕಡ್ಡಿ ಹೇಳಿದಳು: “ಒಂದೂ ಇಲ್ಲ. ಇಪ್ಪತ್ತು ಅಂದಿದ್ದು ಸುಳ್ಳು.”

ಗೊಳ್ಳೆಂದು ನಗು.

“ನಗ್ಬೇಡ್ರೋ. ಗೆಲ್ಸಿದ್ದು ಅವಳೇ,” ಅಂದಳು ಲಾಯರ್. “ನಾನೇ ಸಾಕ್ಷಿ.”

“ಪಾಯಿಂಟ್ ಹೊಡೀದೆ ಹೇಗೆ ಗೆಲ್ಸೋದು?”

ಕಡ್ಡಿ ಬೆಂಚು ಸರಿಸಿ, ಕಾಲು ಅಗಲಿಸಿ, ಕೈ ಎದೆಗೆ ಕಟ್ಟಿಕೊಂಡು ನಿಂತಳು. “ಲಾಯರ್, ಓಡ್ಕೊಂಡ್ ಬಾ.”

“ಕಡ್ಡಿ ಗೋಡೆ ಆಗುತ್ತಂತೆ,” ಯಾರೋ ಕಿಚಾಯಿಸಿದರು.

ಲಾಯರ್ ಅವಳಿಗಿಂತ ಒಂದು ಗೇಣು ಎತ್ತರ. ಬಾಗಿಲ ಹತ್ತಿರದಿಂದ ದಡದಡ ಓಡಿಬಂದಳು. ಅಲುಗಾಡಬಾರದು ಅಂತ ಕಡ್ಡಿ ಗಟ್ಟಿ ಮಾಡಿಕೊಂಡಿದ್ದಳು. ಆದರೆ ಕಾಲು ತಾನಾಗಿ ಹಿಂದಕ್ಕೆ ಸರಿಯಿತು.

“ಸರಿದೆ. ಫೌಲು,” ಅಂದಳು ಲಾಯರ್, ಅವಳ ಮೂಗಿನ ಮುಂದೆಯೇ ನಿಂತು.

ಎರಡನೇ ಸಲ ಕಾಲು ಸರಿಯಲಿಲ್ಲ. ಕಣ್ಣು ಮುಚ್ಚಿಕೊಂಡಿತು. ಮೂರನೇ ಸಲವೂ ಮುಚ್ಚಿಕೊಂಡಿತು. ಲಾಯರ್ ಗುದ್ದಿರಲೂ ಇಲ್ಲ.

“ನಿನ್ನೆ ನಿಮ್ಮಕ್ಕ ಹೀಗೆ ಎಷ್ಟ್ ಸಲ ನಿಂತ್ಲು?” ಲಾಯರ್ ಮೆಲ್ಲಗೆ ಕೇಳಿದಳು.

ಕಡ್ಡಿ ಯೋಚಿಸಿದಳು. ನಲವತ್ತು? ಐವತ್ತು? ಅದಕ್ಕಿಂತ ಮೊದಲಿನ ಮ್ಯಾಚುಗಳಲ್ಲಿ?

“ಗೊತ್ತಿಲ್ಲ,” ಅಂದಳು. “ಯಾರೂ ಎಣಿಸಿಲ್ಲ.”

ಈಗ ಯಾರೂ ನಗುತ್ತಿರಲಿಲ್ಲ. ಕಡ್ಡಿ ಮತ್ತೆ ಕಾಲು ಅಗಲಿಸಿ ನಿಂತಳು.

“ಇನ್ನೊಂದ್ ಸಲ ಬಾ. ಈ ಸಲ ನಿಲ್ಲಿಸ್ಬೇಡ.”