ಇಪ್ಪತ್ತನಾಲ್ಕಕ್ಕೆ ಹದಿನೇಳು

"ಆ ಕಳ್ಳ ನೀವೇನಾ?"

ಓದುವ ಕೋಣೆಯಲ್ಲಿದ್ದ ಐದಾರು ತಲೆಗಳು ಒಟ್ಟಿಗೆ ಮೇಲೆದ್ದವು. ತನ್ನ ದನಿ ಇಷ್ಟು ಜೋರಾಗಿ ಬರಬಹುದೆಂದು ಅವಳಿಗೇ ಗೊತ್ತಿರಲಿಲ್ಲ. ಎದುರು ಕೂತಿದ್ದವನು ಮಾತ್ರ ಗಡಿಬಿಡಿ ಮಾಡಲಿಲ್ಲ. ಕೈಯಲ್ಲಿದ್ದ ನಾಲ್ಕು ಹಾಳೆಗಳನ್ನು ಮಡಚಿ ಅಂಗಿಯ ಜೇಬಿಗೆ ಸೇರಿಸಿ, ಜೇಬಿನ ಗುಂಡಿ ಹಾಕಿದ.

"ಯಾವ ಕಳ್ಳ?"

"ಈ ಪುಸ್ತಕದ ಕೊನೇ ಹಾಳೆಗಳನ್ನ ಬ್ಲೇಡಲ್ಲಿ ಕತ್ತರಿಸಿರೋನು. ಹನ್ನೊಂದು ದಿನದಿಂದ ಹುಡುಕ್ತಾ ಇದೀನಿ."

ಬಿಸಿನೆಸ್ ಸ್ಕೂಲಿನ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಅಭ್ಯಾಸ ಮಾಡುವ ದಪ್ಪ ಪುಸ್ತಕ ಅದು. ಗ್ರಂಥಾಲಯದಲ್ಲಿ ಒಂದೇ ಪ್ರತಿ. ಮನೆಗೆ ಕೊಡುವುದಿಲ್ಲ. ಅರವತ್ತು ಅಭ್ಯಾಸಗಳು, ಒಂದೊಂದರಲ್ಲೂ ನಾಲ್ಕು ಪ್ಯಾಸೇಜು, ಇಪ್ಪತ್ತನಾಲ್ಕು ಪ್ರಶ್ನೆ. ಪ್ರಶ್ನೆಗಳೆಲ್ಲ ಇದ್ದವು, ಉತ್ತರಗಳ ಪುಟಗಳಿರಲಿಲ್ಲ. ಹನ್ನೊಂದು ದಿನ ಅವಳು ಸರಿಯೋ ತಪ್ಪೋ ಗೊತ್ತಿಲ್ಲದೆ ಉತ್ತರ ಬರೆದುಕೊಂಡು ಕೂತಿದ್ದಳು.

"ನಾನೇ ಕತ್ತರಿಸಿದ್ದು," ಅಂದ ಅವನು. "ಹಿಂದೆ ಉತ್ತರ ಇದ್ರೆ ನೋಡ್ಬಿಡ್ತೀನಿ. ಸ್ವಲ್ಪ ಕಷ್ಟ ಅನಿಸಿದ್ರೆ ಸಾಕು, ಕೈ ತಾನಾಗೇ ಕೊನೇ ಪುಟಕ್ಕೆ ಹೋಗುತ್ತೆ. ಹೋದ ವರ್ಷ ಹಾಗೇ ಹಾಳಾಗಿದ್ದು."

"ಅದಕ್ಕೆ ಎಲ್ಲರ ಉತ್ತರಾನೂ ಕತ್ತರಿಸ್ತೀರಾ?"

"ಎಲ್ಲರದು ಅಂದ್ರೆ ನಿಮ್ಮದು. ಈ ಪುಸ್ತಕ ಬೇರೆ ಯಾರೂ ಮುಟ್ಟಲ್ಲ."

"ಲೈಬ್ರರಿ ಮೇಡಮ್‌ಗೆ ಹೇಳ್ತೀನಿ."

"ಹೇಳಿ. ನನ್ನ ಕಾರ್ಡು ಕಿತ್ಕೋತಾರೆ, ಪುಸ್ತಕ ಬೈಂಡಿಂಗಿಗೆ ಹೋಗುತ್ತೆ. ವಾಪಸ್ ಬರೋಷ್ಟರಲ್ಲಿ ನಿಮ್ಮ ಪರೀಕ್ಷೆ ಮುಗಿದಿರುತ್ತೆ."

ಅದು ನಿಜವಾಗಿತ್ತು. ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಒಂದು ಕೆಲಸ ಮಾಡೋಣ," ಅಂದ ಅವನು. "ಹಾಳೆ ನನ್ನ ಹತ್ರಾನೇ ಇರ್ಲಿ. ನೀವು ಬರೆದಿದ್ದನ್ನ ನಾನು ತಿದ್ದಿ ಕೊಡ್ತೀನಿ. ನೀವು ನನ್ನ ಗಣಿತ ನೋಡಿ. ನಿಮ್ಮ ಹಾಳೆ ಆವಾಗ್ಲೇ ಕಣ್ಣಿಗೆ ಬಿತ್ತು, ಲೆಕ್ಕ ಚೆನ್ನಾಗಿ ಬರುತ್ತೆ ನಿಮಗೆ."

"ಕದ್ದು ನೋಡೋದು ನಿಮಗೆ ಅಭ್ಯಾಸ ಅನ್ನಿ."

"ಅದಕ್ಕೇ ತಾನೇ ಕತ್ತರಿಸಿದ್ದು."

ಅವಳಿಗೆ ನಗು ಬರಲಿಲ್ಲ. ಒಪ್ಪಿಕೊಳ್ಳದೆ ಬೇರೆ ದಾರಿಯೂ ಇರಲಿಲ್ಲ.

ಅವಳು ಸ್ಕ್ಯಾನಿಂಗ್ ಸೆಂಟರೊಂದರಲ್ಲಿ ವರದಿ ಟೈಪ್ ಮಾಡುತ್ತಿದ್ದಳು. ಡಾಕ್ಟರು ಹೇಳಿದ್ದನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿ, ದಿನಕ್ಕೆ ಐವತ್ತು ಅರವತ್ತು ವರದಿ. ಎಲ್ಲವೂ ಇಂಗ್ಲಿಷ್. ಬೆರಳಿಗೆ ಬರುವ ಆ ಇಂಗ್ಲಿಷು ತಲೆಗೆ ಯಾಕೆ ಹತ್ತುವುದಿಲ್ಲ ಎನ್ನುವುದೇ ಅವಳ ಬದುಕಿನ ದೊಡ್ಡ ಪ್ರಶ್ನೆಯಾಗಿತ್ತು. ಎರಡು ಸಲ ಪರೀಕ್ಷೆ ಬರೆದಿದ್ದಳು. ಎರಡು ಸಲವೂ ಗಣಿತದಲ್ಲಿ ಒಳ್ಳೆಯ ಅಂಕ, ಇಂಗ್ಲಿಷ್ ವಿಭಾಗದ ಕನಿಷ್ಠ ಅಂಕದ ಗೆರೆ ಮಾತ್ರ ದಾಟಲಿಲ್ಲ. ಒಂದು ವಿಭಾಗದಲ್ಲಿ ಬಿದ್ದರೆ ಉಳಿದದ್ದನ್ನು ಯಾರೂ ಕೇಳುವುದಿಲ್ಲ. ಅವಳ ಅಂದಾಜಿನಲ್ಲಿ ಇಪ್ಪತ್ತನಾಲ್ಕಕ್ಕೆ ಹದಿನಾರು ಬಂದರೆ ಗೆರೆ ದಾಟಿದಂತೆ.

ಇದು ಮೂರನೆಯ ಸಲ, ಕೊನೆಯ ಸಲ. ಅಕ್ಕ, ಭಾವ ಇಬ್ಬರಿಗೂ ಬೇರೆ ಊರಿಗೆ ವರ್ಗವಾಗಿತ್ತು. ವರ್ಷ ಮುಗಿಯುವಷ್ಟರಲ್ಲಿ ಮನೆ ಖಾಲಿ ಮಾಡಬೇಕು.

"ಸೀಟು ಸಿಕ್ಕಿದ್ರೆ ಹಾಸ್ಟೆಲ್ಲು. ಇಲ್ಲಾಂದ್ರೆ ಬಾಯಿ ಮುಚ್ಚಿಕೊಂಡು ನಮ್ಮ ಜೊತೆ ಬರ್ತೀಯ," ಎಂದಿದ್ದಳು ಅಕ್ಕ. "ಅಲ್ಲಿ ಭಾವನ ಆಫೀಸಲ್ಲಿ ಒಂದು ಕುರ್ಚಿ ಖಾಲಿ ಇದೆ."

"ಅಲ್ಲೂ ಟೈಪಿಂಗೇ ತಾನೇ ಅಕ್ಕ?"

"ಇಲ್ಲಿ ಮಾತ್ರ ಏನು ಪಿಟೀಲು ನುಡಿಸ್ತಾ ಇದೀಯ?"

ಅಕ್ಕ ಕೆಟ್ಟವಳಲ್ಲ. ತಾಯಿ ಹೋದಮೇಲೆ ತಂಗಿಯನ್ನು ಸಾಕಿದವಳು. ಸಾಕಿದವರಿಗೆ ಎದುರು ಮಾತಾಡುವುದು ಎಷ್ಟು ಕಷ್ಟ ಎಂದು ಸಾಕಿಸಿಕೊಂಡವರಿಗೆ ಮಾತ್ರ ಗೊತ್ತು.

ಅವನು ಲಿಫ್ಟ್ ರಿಪೇರಿಯವನು. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಗ್ರಂಥಾಲಯ, ಆಮೇಲೆ ಯಾವುದೋ ಕಟ್ಟಡದ ಕತ್ತಲೆ ಬಾವಿಯಂಥ ಸಂದಿಯಲ್ಲಿ ಗ್ರೀಸು, ಹಗ್ಗ, ಮೋಟಾರು. ಉಗುರಿನ ಅಂಚಿನಲ್ಲಿ ಸದಾ ಕಪ್ಪು. ಮೊದಮೊದಲು ಅವಳ ಹಾಳೆಯ ಮೇಲೆ ಅವನ ಹೆಬ್ಬೆರಳಿನ ಗುರುತು ಕಂಡು ಮುಖ ಸಿಂಡರಿಸುತ್ತಿದ್ದಳು. ಹದಿನೈದು ದಿನ ಕಳೆದಮೇಲೆ ಗುರುತಿಲ್ಲದ ಹಾಳೆ ಬೋಳಾಗಿ ಕಾಣತೊಡಗಿತು. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರೂ ಗಮನಿಸಲಿಲ್ಲ.

ಅವನ ಪಾಠ ಒಂದೇ ಸಾಲಿನದು. ಅವಳು ತಪ್ಪು ಉತ್ತರಕ್ಕೆ ಗುರುತು ಹಾಕಿದಾಗಲೆಲ್ಲ ಪೆನ್ನಿನ ಹಿಂಬದಿಯಿಂದ ಮೇಜು ತಟ್ಟಿ ಕೇಳುತ್ತಿದ್ದ.

"ಇದನ್ನ ಪ್ಯಾಸೇಜು ಹೇಳ್ತಾ ಇದೆಯೋ, ನೀನು ಹೇಳ್ತಾ ಇದೀಯೋ?"

"ಅದೇ ಅರ್ಥ ತಾನೇ ಬರೋದು?"

"ಬರೋ ಅರ್ಥ ಬೇಡ. ಇರೋದನ್ನ ಓದು. ಬರೆದವನ ಬಾಯಲ್ಲಿ ನಿನ್ನ ಮಾತು ತುರುಕಬೇಡ."

ಅಂಕ ಮಾತ್ರ ಏರಲಿಲ್ಲ. ಹನ್ನೆರಡು, ಹದಿಮೂರು, ಮತ್ತೆ ಹನ್ನೆರಡು.

ಒಂದು ಬೆಳಿಗ್ಗೆ ಅವಳು ಉತ್ತರ ಬರೆದ ನೋಟ್‌ಬುಕ್ಕನ್ನು ಅವನ ಮುಂದೆ ತಳ್ಳಿ, ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು.

"ಇವತ್ತೂ ಹಾಗೇ ಬಂದ್ರೆ ನಾಳೆಯಿಂದ ಬರಲ್ಲ. ಅಕ್ಕ ಪೆಟ್ಟಿಗೆ ಕಟ್ತಾ ಇದಾಳೆ, ಹೋಗಿ ಒಂದು ಕೈ ಹಿಡೀತೀನಿ. ಅದಾದ್ರೂ ನೆಟ್ಟಗೆ ಬರುತ್ತೆ ನನಗೆ."

ಅವನು ಜೇಬಿನ ಗುಂಡಿ ಬಿಚ್ಚಿ ಹಾಳೆ ತೆಗೆದ. ತಿದ್ದುವಾಗ ಅವನ ಪೆನ್ನು ಎರಡು ಸಲ ನಿಂತಿತು. ಅವಳು ಕಿಟಕಿಯಾಚೆ ನೀರಿನ ಟ್ಯಾಂಕನ್ನೇ ನೋಡುತ್ತಿದ್ದಳು.

"ಹದಿನೇಳು."

"ಏನು?"

"ಇಪ್ಪತ್ತನಾಲ್ಕಕ್ಕೆ ಹದಿನೇಳು. ಪೆಟ್ಟಿಗೆ ಕಟ್ಟೋಕೆ ಅಕ್ಕನೇ ಸಾಕು."

ಅವಳು ಆ ದಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಯಾರದೋ ಮೂತ್ರಪಿಂಡದ ಕಲ್ಲಿನ ವರದಿಯನ್ನು ನಗುತ್ತ ಟೈಪ್ ಮಾಡಿದಳು.

ಆಮೇಲೆ ಹದಿನೆಂಟು ದಿನ ಅಂಕ ಇಳಿಯಲಿಲ್ಲ. ಹದಿನಾರು, ಹದಿನೇಳು, ಹದಿನೇಳು... ಒಂದೇ ವಿಚಿತ್ರ. ಅವಳು ಮಾಡಿದಂಥದ್ದೇ ಪ್ಯಾಸೇಜನ್ನು ಅವನು ಮರುದಿನ ಮತ್ತೆ ಹುಡುಕಿ ಕೊಡುತ್ತಿದ್ದ.

"ಇಂಥದ್ದನ್ನ ನಿನ್ನೆ ಸರಿ ಮಾಡಿದ್ದೆ ಅಲ್ವಾ? ಮತ್ತೆ ಯಾಕೆ?"

"ಸುಮ್ನೆ ಮಾಡು. ಕೈ ಸವೆಯಲ್ಲ."

ಪರೀಕ್ಷೆಗೆ ಇನ್ನು ಇಪ್ಪತ್ತು ದಿನ ಎನ್ನುವಾಗ ಅವಳು ಕೆಲಸ ಮುಗಿಸಿ ಬರುತ್ತ ಹಳೆ ಪುಸ್ತಕದ ಅಂಗಡಿಯ ಮುಂದೆ ನಿಂತಳು. ಗುಡ್ಡೆ ಹಾಕಿದ್ದ ಪುಸ್ತಕಗಳ ಮೇಲೇ ಇತ್ತು ಅದು. ಅದೇ ಹೊದಿಕೆ, ಅದೇ ಅರವತ್ತು ಅಭ್ಯಾಸ. ಕೊನೆಯಲ್ಲಿ ಉತ್ತರಗಳ ಪುಟಗಳೂ ಇದ್ದವು.

ಖುಷಿಗೆಂದೇ ಚೀಲದಿಂದ ತನ್ನ ನೋಟ್‌ಬುಕ್ ತೆಗೆದಳು. ಆ ಮೊದಲ ಹದಿನೇಳನ್ನು ಇನ್ನೊಮ್ಮೆ ಕಣ್ತುಂಬ ನೋಡಬೇಕಿತ್ತು. ನಿಂತಲ್ಲೇ ಅಚ್ಚಾದ ಉತ್ತರಗಳ ಜೊತೆ ತಾಳೆ ಹಾಕಿ, ಬೆರಳಿಟ್ಟು ಎಣಿಸಿದಳು.

ಹನ್ನೊಂದು.

ತಾನೇ ತಪ್ಪಿರಬೇಕು ಅಂದುಕೊಂಡು ಮತ್ತೆ ಎಣಿಸಿದಳು. ಹನ್ನೊಂದೇ. ಮರುದಿನದ್ದು ಹದಿನಾರಲ್ಲ, ಹನ್ನೆರಡು. ಅದರ ಮರುದಿನದ್ದೂ ಹನ್ನೊಂದು. ನಾಲ್ಕನೆಯದನ್ನು ನೋಡುವ ಧೈರ್ಯವಿರಲಿಲ್ಲ.

"ತಗೋತೀರಾ ಅಥವಾ ಇಲ್ಲೇ ಓದಿ ಮುಗಿಸ್ತೀರಾ?" ಅಂದ ಅಂಗಡಿಯವನು.

ಅವಳು ಪುಸ್ತಕವನ್ನು ಗುಡ್ಡೆಯ ಮೇಲಿಟ್ಟು ನಡೆದಳು. ಅತ್ತಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಮನೆಯ ಮೆಟ್ಟಿಲ ಮೇಲೆ ಯಾರೋ 'ಹುಷಾರಿಲ್ವಾ' ಎಂದು ಕೇಳಿದ್ದಷ್ಟೇ ನೆನಪು.

ಮರುದಿನ ಬೆಳಿಗ್ಗೆ ನೋಟ್‌ಬುಕ್ಕನ್ನು ಅವನ ಮುಂದೆ ಬಿಸಾಡಿದಳು.

"ಹನ್ನೊಂದನ್ನ ಹದಿನೇಳು ಮಾಡಿದ್ದು ಯಾಕೆ?"

ಅವನ ಮುಖದ ಬಣ್ಣ ಹೋಯಿತು. ಸುಳ್ಳು ಹೇಳಲು ಪ್ರಯತ್ನಿಸಲಿಲ್ಲ. ಅದಕ್ಕಾದರೂ ಮೆಚ್ಚಬೇಕಿತ್ತು, ಆದರೆ ಮೆಚ್ಚುವ ಸ್ಥಿತಿಯಲ್ಲಿ ಅವಳಿರಲಿಲ್ಲ.

"ನೀನು ಬರಲ್ಲ ಅಂದೆ."

"ಅದಕ್ಕೆ?"

"ಬರಬೇಕು ಅನಿಸ್ತು ನನಗೆ."

"ಓಹೋ. ನಿನಗೆ ಬೆಳಿಗ್ಗೆ ಎರಡು ಗಂಟೆ ಎದುರಿಗೆ ಯಾರಾದ್ರೂ ಕೂತಿರ್ಬೇಕು. ಅದಕ್ಕೆ ನನ್ನ ವರ್ಷ ಹಾಳು ಮಾಡಿದೆ. ಪಾಪದವಳು, ನಾಲ್ಕು ಅಂಕ ಭಿಕ್ಷೆ ಹಾಕೋಣ ಅಂತ..."

"ಭಿಕ್ಷೆ ಅಲ್ಲ. ಕೊನೇ ಕೆಲವು ದಿನದ್ದು ನಿಜವಾಗ್ಲೂ ನಿನ್ನದೇ. ನಾನು ಏನೂ ಸೇರಿಸಿಲ್ಲ."

"ಇನ್ನೂ ಹೇಳು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು ಬಂದಿತ್ತು ಅನ್ನು. ನಂಬೋಳು ಇದೀನಲ್ಲ."

ಲೈಬ್ರರಿ ಮೇಡಮ್ ಕನ್ನಡಕದ ಮೇಲಿನಿಂದ ನೋಡಿ, "ಜಗಳ ಹೊರಗೆ, ಓದು ಒಳಗೆ," ಅಂದರು. ಅವಳು ನೋಟ್‌ಬುಕ್ಕನ್ನು ಎತ್ತಿ, ಎರಡಾಗಿ ಹರಿದು, ಬಾಗಿಲ ಬಳಿಯ ಕಸದ ಬುಟ್ಟಿಗೆ ಹಾಕಿ ಹೊರಟುಹೋದಳು. ಅವನು ಹಿಂದೆ ಬರಲಿಲ್ಲ. ಬಂದಿದ್ದರೂ ಉಪಯೋಗವಿರಲಿಲ್ಲ. ಆದರೂ ಬರಲಿಲ್ಲವಲ್ಲ ಎಂದು ಬಸ್ಸಿನಲ್ಲಿ ಕೂತು ಅನ್ನಿಸಿದ್ದು ಸುಳ್ಳಲ್ಲ.

ಅವನ ನಂಬರನ್ನು ಫೋನಿನಿಂದ ಅಳಿಸಿದಳು. ಪರೀಕ್ಷೆಗೆ ಉಳಿದಿದ್ದ ಆ ಮೂರು ವಾರ ಪುಸ್ತಕ ಮುಟ್ಟಲಿಲ್ಲ. ಅಕ್ಕನ ಜೊತೆ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿದಳು.

"ಪರೀಕ್ಷೆಗೆ ಹೋಗಲ್ಲ," ಅಂದಳು.

"ಹಾಲ್ ಟಿಕೆಟ್ ಬಂದಿದೆ. ಹೋಗಿ ಬರೆದು ಬಾ," ಅಂದಳು ಅಕ್ಕ. "ಬರೆಯದೇ ಫೇಲಾದೆ ಅಂತ ಜೀವಮಾನವೆಲ್ಲ ನನ್ನ ತಲೆ ತಿನ್ನಬೇಡ. ಬರೆದು ಫೇಲಾಗು."

ಬರೆಯಲು ಹೋದಳು. ಪರದೆಯ ಮೇಲೆ ಮೊದಲ ಪ್ಯಾಸೇಜು ಬಂತು. ಹಕ್ಕಿಗಳ ವಲಸೆಯ ಬಗ್ಗೆ ಏನೋ. ನಾಲ್ಕು ಉತ್ತರಗಳಲ್ಲಿ ಎರಡನೆಯದು ಬಹಳ ಚೆಂದವಾಗಿತ್ತು. ಅದನ್ನು ಒತ್ತಲು ಬೆರಳು ಹೋಯಿತು.

'ಇದನ್ನ ಪ್ಯಾಸೇಜು ಹೇಳ್ತಾ ಇದೆಯೋ, ನೀನು ಹೇಳ್ತಾ ಇದೀಯೋ?'

ಬೆರಳು ನಿಂತಿತು. ಹಾಳಾದವನು, ಇಲ್ಲಿಗೂ ಬಂದಿದ್ದ. ಅವಳು ಮತ್ತೆ ಓದಿದಳು. ಪ್ಯಾಸೇಜು ಹಾಗೆ ಹೇಳಿರಲಿಲ್ಲ. ಇಡೀ ವಿಭಾಗ ಮುಗಿಯುವವರೆಗೂ ಆ ಪೆನ್ನು ಮೇಜು ತಟ್ಟುತ್ತಲೇ ಇತ್ತು.

ಐದು ವಾರದ ಮೇಲೆ ಫಲಿತಾಂಶ ಬಂತು. ಇಂಗ್ಲಿಷ್ ಗೆರೆ ದಾಟಿದ್ದಳು. ಬಹಳ ಮೇಲೇನಲ್ಲ, ಸ್ವಲ್ಪವೇ ಮೇಲೆ. ದೊಡ್ಡ ಕಾಲೇಜುಗಳು ತಿರುಗಿಯೂ ನೋಡಲಿಲ್ಲ. ರೈಲಿನಲ್ಲಿ ಎಂಟು ಗಂಟೆ ದೂರದ, ಯಾರೂ ಹೆಚ್ಚಾಗಿ ಕೇಳದ ಒಂದು ಕಾಲೇಜು ಸೀಟು ಕೊಟ್ಟಿತು, ಹಾಸ್ಟೆಲ್ಲನ್ನೂ. ಅಕ್ಕ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು.

"ಈರುಳ್ಳಿ," ಅಂದಳು. ಮನೆಯಲ್ಲಿ ಈರುಳ್ಳಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಕಾರ್ಡು ಹಿಂದಿರುಗಿಸಲು ಅವಳು ಗ್ರಂಥಾಲಯಕ್ಕೆ ಹೋದಳು. ಅವನ ಕುರ್ಚಿ ಖಾಲಿಯಿತ್ತು.

"ಆ ನಿಮ್ಮ ಲಿಫ್ಟಿನವನು ಹಾಳೆ ತಂದುಕೊಟ್ಟು ತಪ್ಪೊಪ್ಪಿಕೊಂಡ," ಅಂದರು ಮೇಡಮ್. "ನಾನೇ ಅಂಟಿಸಿದೆ. ಅವನ ಕಾರ್ಡು ಕಿತ್ತುಕೊಂಡೆ."

ಅವಳು ಪುಸ್ತಕದ ಕೊನೆಗೆ ಹೋದಳು. ಉತ್ತರಗಳು ಹಾಳೆಯ ಒಂದೇ ಬದಿಗೆ ಅಚ್ಚಾಗಿದ್ದವು. ಕೊನೆಯ ಹಾಳೆಯ ಖಾಲಿ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಹತ್ತೊಂಬತ್ತು ಸಾಲು, ಪ್ರತಿ ಸಾಲಿಗೂ ಒಂದು ತಾರೀಕು.

ಮೊದಲ ಸಾಲು: ನಿಜ 11, ಹೇಳಿದ್ದು 17, ಊಹೆ ಜಾಸ್ತಿ ಮಾಡ್ತಾಳೆ, ನಾಳೆ ಅದೇ ಥರದ್ದು ಕೊಡಬೇಕು.

ಕೆಳಗೆ ಹನ್ನೆರಡು, ಹನ್ನೊಂದು, ಹದಿಮೂರು. ಹತ್ತನೆಯ ಸಾಲಿನಲ್ಲಿ ಹದಿನಾಲ್ಕು. ಆಮೇಲೆ ಹದಿನೈದು. ಕೊನೆಯ ನಾಲ್ಕರಲ್ಲಿ ಸಾಲಿಗೊಂದೇ ಸಂಖ್ಯೆ, ನಿಜದ್ದು. ಎರಡನೆಯದನ್ನು ಬರೆಯುವ ಅಗತ್ಯ ಬಿದ್ದಿರಲಿಲ್ಲ.

16. 17. 16. 17.

ಅವಳು ನೋಡಿದ್ದು ಮೊದಲ ಮೂರನ್ನು. ಉಳಿದ ಹದಿನಾರು ದಿನಗಳಿಗೆ ಉತ್ತರ ತಾನೇ ಊಹಿಸಿಕೊಂಡಿದ್ದಳು.

ಸ್ಕ್ಯಾನಿಂಗ್ ಸೆಂಟರಿನ ಲಿಫ್ಟಿನೊಳಗೆ, ಕೆಟ್ಟರೆ ಕರೆ ಮಾಡಿ ಎಂದು ಒಂದು ನಂಬರು ಅಂಟಿಸಿದ್ದರು. ಅದು ಅವನ ಕಂಪನಿಯದು. ಅವಳು ಕರೆ ಮಾಡಿದಳು.

"ಯಾವ ಮಹಡಿಯಲ್ಲಿ ನಿಂತಿದೆ ಮೇಡಮ್?" ಅಂದಿತು ಆ ಕಡೆಯ ದನಿ.

"ಲಿಫ್ಟ್ ಸರಿಯಾಗಿದೆ. ಮೆಕ್ಯಾನಿಕ್ ಬೇಕಿತ್ತು."

ಅವರು ಹೇಳಿದ ಕಟ್ಟಡಕ್ಕೆ ಹೋಗಿ ಏಳು ಮಹಡಿ ಹತ್ತಿದಳು, ಅಲ್ಲಿನ ಲಿಫ್ಟು ಕೆಟ್ಟಿತ್ತಲ್ಲ. ಮೇಲಿನ ಮೋಟಾರು ಕೋಣೆಯಲ್ಲಿ ಅವನು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಅವಳನ್ನು ನೋಡಿ ಒರೆಸುವುದನ್ನು ನಿಲ್ಲಿಸಿದ. ಸೊರಗಿದ್ದ. ಅವಳಿಗೆ ಏದುಸಿರು.

"ದಾಟಿತು," ಅಂದಳು. "ಸ್ವಲ್ಪದರಲ್ಲಿ."

ಅವನು ಕಣ್ಣು ಮುಚ್ಚಿ ತೆರೆದ. "ನನಗೆ ಗಣಿತ ಹೋಯ್ತು."

"ತಿದ್ದೋರು ಇರ್ಲಿಲ್ಲ ಅಲ್ವಾ ಕೊನೆಗೆ."

"ಇರ್ಲಿಲ್ಲ."

ಮೋಟಾರು ಬಿಸಿಯಾಗಿ ಸುಟ್ಟ ವಾಸನೆ ಬರುತ್ತಿತ್ತು.

"ಹಾಳೆಯ ಹಿಂದೆ ಬರೆದಿದ್ದನ್ನ ಅವತ್ತೇ ಯಾಕೆ ತೋರಿಸ್ಲಿಲ್ಲ?"

"ತೋರಿಸಿದ್ರೆ ನಂಬ್ತಿದ್ಯಾ? ಒಂದು ಸುಳ್ಳು ಲೆಕ್ಕದ ಮೇಲೆ ಇನ್ನೊಂದು ಅಂತಿದ್ದೆ."

ಅನ್ನುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು.

"ಕ್ಷಮಿಸೋಕೆ ಬಂದಿಲ್ಲ," ಅಂದಳು. "ಕೊನೇ ನಾಲ್ಕು ನಿಜ ಆದ ಮಾತ್ರಕ್ಕೆ ಮೊದಲ ಹದಿನೈದು ಸರಿಹೋಗಲ್ಲ. ನನಗೆ ಹನ್ನೊಂದು ಬಂದ್ರೆ ಹನ್ನೊಂದು ಅಂತಾನೇ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು."

"ಬುಧವಾರ ಹೊರಡ್ತಾ ಇದೀನಿ. ಎಂಟು ಗಂಟೆ ದಾರಿ. ಎರಡು ವರ್ಷ."

"ಒಳ್ಳೇದಾಯ್ತು."

"ನಾನು ಹೋದ್ರೆ ನೀನು ಏನು ಮಾಡ್ತೀಯ?"

"ಆರಾಮಾಗಿರ್ತೀನಿ."

ಅವಳು ಕಿಟಕಿಯ ಕಟ್ಟೆಯ ಮೇಲಿದ್ದ ಸ್ಪಾನರ್ ಎತ್ತಿ ಕಬ್ಬಿಣದ ಪೆಟ್ಟಿಗೆಯನ್ನು ಎರಡು ಸಲ ತಟ್ಟಿದಳು.

"ತಪ್ಪು. ಇನ್ನೊಂದ್ಸಲ ಮಾಡು."

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಆರಾಮಾಗಿರಲ್ಲ," ಅಂದ ಕೊನೆಗೆ. "ಬೆಳಿಗ್ಗೆ ಏಳರಿಂದ ಒಂಬತ್ತು ಕಳೆಯೋದೇ ಆಗಲ್ಲ. ಈಗಲೇ ಆಗ್ತಿಲ್ಲ. ನಿನ್ನನ್ನ ಬಿಟ್ಟು ನನಗೆ ಆಗಲ್ಲ."

ಅವಳು ಅವನ ಗ್ರೀಸು ಮೆತ್ತಿದ ಕೈ ಹಿಡಿದುಕೊಂಡಳು. ಹೆಬ್ಬೆರಳಿನ ಗುರುತು ಅಂಗೈಯಲ್ಲಿ ಕಪ್ಪಗೆ ಮೂಡಿತು.

"ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಫೋನು ಮಾಡು. ಗಣಿತ ಮಾಡಿ ಇಟ್ಟಿರ್ಬೇಕು. ನಾನು ತಿದ್ತೀನಿ, ಒಂದು ಅಂಕಾನೂ ಸೇರಿಸಲ್ಲ."

"ಸೇರಿಸ್ಬೇಡ," ಅಂದ ಅವನು. "ಈಗ ಹೇಳಿದ್ದಕ್ಕೆ ಎಷ್ಟು ಬಂತು?"

"ಅದು ಸರಿ ಇದೆ," ಅಂದಳು.