ಕಣ್ಣಳತೆಯ ಕವಚ

“ಎಲ್ಲರ ಅಳತೆ ತಗೊಂಡ್ರಿ. ನನ್ನದು?” ಎಂದು ಏಣಿ ಕೇಳಿದ.

ಕೇಳಿದ ದನಿಯಲ್ಲಿ ಜಗಳವೇನೂ ಇರಲಿಲ್ಲ. ಆದರೂ ಅವಳು ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ದರ್ಜಿಯ ಮಗಳಾದ್ದರಿಂದ ಕ್ಲಾಸಿನಲ್ಲಿ ಅವಳ ಹೆಸರೇ ಟೇಪು. ಅವನು ಎಲ್ಲರಿಗಿಂತ ಒಂದು ತಲೆ ಎತ್ತರ, ಹಾಗಾಗಿ ಏಣಿ. ಎರಡೂ ಹೆಸರಿಟ್ಟವನು ಗುಂಡ. ತನಗೆ ಆ ಹೆಸರು ಬಿದ್ದ ಸೇಡನ್ನು ಅವನು ಇಡೀ ಕ್ಲಾಸಿನ ಮೇಲೆ ತೀರಿಸಿಕೊಂಡಿದ್ದ.

ಹಿಸ್ಟರಿ ಮೇಡಂ ಈ ಸಲ ನೋಟ್ಸ್ ಕೊಡಲಿಲ್ಲ. “ಯುದ್ಧ ನಡೆದ ಇಸವಿ ನಿಮಗೆ ಬಾಯಿಪಾಠ. ಆ ಸೈನಿಕನ ಕೈ ಎಷ್ಟು ಮೇಲೆ ಏಳ್ತಿತ್ತು, ಅವನು ಬಗ್ಗಿ ನೀರು ಕುಡೀಬಹುದಿತ್ತಾ, ಅದು ಗೊತ್ತಾ? ರಟ್ಟಿನಲ್ಲಿ ಕವಚ ಮಾಡಿ, ಹಾಕ್ಕೊಂಡು ನೋಡಿ, ಆಮೇಲೆ ಮಾತಾಡಿ” ಎಂದಿದ್ದರು. ಮೇಲಿನ ಮಹಡಿಯ ರೂಮಿನಲ್ಲಿ ಕವಚದ ಗುಂಪು, ಕೆಳಗಿನ ರೂಮಿನಲ್ಲಿ ಭೂಪಟದ ಗುಂಪು. ಫ್ರಿಜ್ಜಿನ ಡಬ್ಬಗಳನ್ನು ಬಿಚ್ಚಿ, ರಟ್ಟಿಗೆ ಒದ್ದೆ ಬಟ್ಟೆ ಸವರಿ, ಬಕೆಟ್ಟಿಗೆ ಸುತ್ತಿ ಬಾಗಿಸುವುದನ್ನು ಹುಡುಗರು ಆಗಲೇ ಕಲಿತಿದ್ದರು.

ಅಳತೆಯ ಕೆಲಸ ಸಹಜವಾಗಿಯೇ ಟೇಪಿನ ಪಾಲಿಗೆ ಬಂದಿತ್ತು. ಗುಂಡನ ಎದೆಗೆ ಟೇಪು ಸುತ್ತಿ, “ಉಸಿರು ಬಿಡೋ ಮಾರಾಯ, ಟೇಪು ಸಾಲ್ತಿಲ್ಲ” ಎಂದು ಎಲ್ಲರನ್ನೂ ನಗಿಸಿದ್ದಳು. ಮುಂದಿನ ಸರದಿ ಏಣಿಯದು. ಅವನು ತೋಳುಗಳನ್ನು ಕೊಂಚ ಅಗಲಿಸಿ, ಕಿಟಕಿಯಾಚೆ ನೋಡುತ್ತ, ಶಾಲೆಯ ಪ್ರಾರ್ಥನೆಗೆ ನಿಂತ ಮಗುವಿನ ಹಾಗೆ ನೆಟ್ಟಗೆ ನಿಂತಿದ್ದ. ಅವಳು ಹತ್ತಿರ ಹೋದಳು. ಅಂಗಿಯಿಂದ ಸೋಪಿನ ವಾಸನೆ ಬಂತು. ಅವಳ ಕೈ ಮೇಲೇಳಲೇ ಇಲ್ಲ. ಏನೋ ನೆನಪಾದವಳಂತೆ ತಿರುಗಿ, ಪಕ್ಕದವನ ಭುಜಕ್ಕೆ ಟೇಪು ಹಿಡಿದಳು. ಅದನ್ನು ಗಮನಿಸಿದವನು ಅವನೊಬ್ಬನೇ.

ಈಗ ಕೇಳುತ್ತಿದ್ದಾನೆ. ಏನಾದರೂ ಹೇಳಬೇಕಲ್ಲ.

“ನಿಮ್ಮದು ಕೊನೆಗೆ” ಎಂದುಬಿಟ್ಟಳು.

“ಓ. ಮಿಕ್ಕಿದ ರಟ್ಟಿನಲ್ಲಾ?”

ತಮಾಷೆಗೆಂದೇ ಹೇಳಲು ಹೊರಟಿದ್ದ, ಆದರೆ ಹೇಳುವಷ್ಟರಲ್ಲಿ ಮುಖ ಸಣ್ಣಗಾಗಿತ್ತು. ಅವಳು ಕಟರ್ ಎತ್ತಿಕೊಂಡು ಯಾರದೋ ತೋಳಿನ ಪಟ್ಟಿ ಕತ್ತರಿಸತೊಡಗಿದಳು.

ಮಾರನೆಯ ದಿನ ಗುಂಡ ಸುದ್ದಿ ತಂದ. “ಏಣಿ ಭೂಪಟದ ಗುಂಪಿಗೆ ಹೋಗ್ತಾನಂತೆ. ಶುಕ್ರವಾರ ಎಲ್ಲರೂ ಹಾಕಿ ನೋಡೋದಿದೆಯಲ್ಲ, ಅದು ಮುಗಿಸಿ ಬೇಕಾದ್ರೆ ಹೋಗು ಅಂದ್ರಂತೆ ಮೇಡಂ.”

ಅವಳು ಬಯಸಿದ್ದಾದರೂ ಎಷ್ಟು? ಅದೇ ಮೇಜಿನ ಆಚೆ ತುದಿಯಲ್ಲಿ ಅವನು ಇರಬೇಕು. ಅಂಟು ಒಣಗಲಿ ಎಂದು ಊದುವಾಗ ಅವನ ಕೆನ್ನೆ ಉಬ್ಬಬೇಕು. ಸ್ಕೇಲು ಕೇಳುವ ನೆಪದಲ್ಲಿ ಒಮ್ಮೆ ಇತ್ತ ನೋಡಬೇಕು. ಅವನು ನೋಡದಿದ್ದಾಗ ಅವಳು ನೋಡಬೇಕು. ಅದೂ ಹೋದರೆ ಅವಳಿಗೆ ಆ ರೂಮಿನಲ್ಲಿ ಉಳಿಯುವುದು ಬರೀ ಇತಿಹಾಸ.

ಸಂಜೆ ಅಪ್ಪನ ಅಂಗಡಿಯಲ್ಲಿ ಅಮ್ಮ ರಾಗ ಎಳೆಯುತ್ತಿದ್ದಳು. “ನನ್ನ ಬಟ್ಟೆ ಯಾವ ಕಾಲದಿಂದ ಆ ಮೂಲೇಲಿ ಬಿದ್ದಿದೆ. ಇಲ್ಲಿ ಹೇಳೋರು ಕೇಳೋರು ಯಾರೂ ಇಲ್ವಾ?”

ಅಪ್ಪ ಹಲ್ಲಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು ಹೇಳಿದ: “ಗಿರಾಕಿಗಳದು ಮೊದಲು ಕಣೇ. ಮನೆಯವರದು ಯಾವತ್ತಿದ್ರೂ ಕೊನೆಗೆ. ಮನೆಯವರು ಬಿಟ್ಟು ಎಲ್ಲಿಗೆ ಹೋಗ್ತಾರೆ?”

ಟೇಪು ನಾಲಿಗೆ ಕಚ್ಚಿಕೊಂಡಳು. ಹುಟ್ಟಿದಾಗಿನಿಂದ ಕೇಳಿದ ಮಾತು. ಅದಕ್ಕೇ ತಾನೇ ನಿನ್ನೆ ಕೇಳಿದ ಕೂಡಲೇ ಬಾಯಿಂದ ಜಾರಿದ್ದು! ಅವಳು ಅವನನ್ನು ಮನೆಯವನ ಸಾಲಿಗೆ ಸೇರಿಸಿದ್ದಳು, ಅವನು ತನ್ನನ್ನು ಮಿಕ್ಕ ರಟ್ಟಿನ ಸಾಲಿಗೆ ಸೇರಿಸಿಕೊಂಡಿದ್ದ. ಅಪ್ಪನ ಮನೆಯವರು ಎಲ್ಲಿಗೂ ಹೋಗುವುದಿಲ್ಲ, ನಿಜ. ಅವಳವನು ಮಾತ್ರ ಶುಕ್ರವಾರ ಕೆಳಗಿನ ರೂಮಿಗೆ ಹೋಗಲಿದ್ದ.

ಹೋಗಿ ವಿವರಿಸಲು ಅವಳಿಗೆ ಧೈರ್ಯ ಬರಲಿಲ್ಲ. ಕ್ಲಾಸಿನಿಂದ ತಂದಿದ್ದ, ಇದ್ದುದರಲ್ಲೇ ಒಳ್ಳೆಯ ರಟ್ಟನ್ನು ಅಂಗಡಿಯ ಮೇಜಿನ ಮೇಲೆ ಹರಡಿಕೊಂಡಳು.

“ಅಳತೆ ಎಲ್ಲಮ್ಮ?” ಎಂದ ಅಪ್ಪ.

“ಕಣ್ಣಳತೆ.”

ಅಪ್ಪ ನಕ್ಕುಬಿಟ್ಟ. “ಇಷ್ಟು ವರ್ಷ ಹೊಲಿದ ಮೇಲೂ ಕಣ್ಣಳತೇಲಿ ನನ್ನಿಂದ ಆಗೋದು ನಿಮ್ಮಮ್ಮನ ಬಟ್ಟೆ ಒಂದೇ.”

ಅವಳು ತಲೆಯೆತ್ತಲಿಲ್ಲ. ಪೆನ್ಸಿಲು ಮಾತ್ರ ಎಲ್ಲೂ ತಡೆಯದೆ ಓಡಿತು.

ಶುಕ್ರವಾರ ಆ ಕವಚವನ್ನು ಮೊದಲು ಎತ್ತಿಕೊಂಡವನು ಗುಂಡ. “ಟೇಪು, ಎಡಗಡೆ ಸೊಟ್ಟ ಕಣೇ! ದರ್ಜಿ ಮಗಳ ಮಾನ ಹೋಯ್ತು” ಎಂದು ಎಲ್ಲರಿಗೂ ತೋರಿಸಿದ. ನಿಜ, ಎಡ ಭುಜದ ಪಟ್ಟಿ ಬಲಕ್ಕಿಂತ ಒಂದು ಬೆರಳು ಕೆಳಗಿತ್ತು. ಇನ್ನೊಬ್ಬ ಹಾಕಿಕೊಂಡು ನೋಡಿದ. ಕುತ್ತಿಗೆಗೆ ಒತ್ತುತ್ತದೆ ಎಂದು ತೆಗೆದ. ರೂಮಿನ ತುಂಬ ನಗು.

ಏಣಿ ನಗಲಿಲ್ಲ. ಬಂದು ಕವಚದೊಳಗೆ ತಲೆ ತೂರಿಸಿದ. ಅದರ ದಾರಗಳು ಬೆನ್ನ ಹಿಂದೆ. ಹಾಕಿಕೊಂಡವನ ಕೈಗೆ ಎಟುಕುವುದಿಲ್ಲ, ಮಾಡಿದವಳೇ ಕಟ್ಟಬೇಕಾಯಿತು. ಅವನು ಕೈ ಎತ್ತಿದ, ಬಗ್ಗಿದ, ಬೆಂಚಿನ ಮೇಲೆ ಕೂತು ಎದ್ದ. ಒಂದು ಪಟ್ಟಿಯೂ ಎದ್ದು ನಿಲ್ಲಲಿಲ್ಲ.

ಮೇಡಂ ಬಂದು ಅವನ ಎರಡೂ ಭುಜದ ಮೇಲೆ ಕೈಯಿಟ್ಟು ನೋಡಿದರು. “ಸೊಟ್ಟ ಇರೋದು ಕವಚ ಅಲ್ಲಪ್ಪ, ನೀನು. ನಿನ್ನ ಎಡಭುಜ ಸ್ವಲ್ಪ ಇಳಿದಿದೆ. ಗೊತ್ತಿತ್ತಾ?”

“ಇಲ್ಲ ಮೇಡಂ.”

ಅವನು ತನ್ನ ಭುಜವನ್ನು ತಾನೇ ಮುಟ್ಟಿಕೊಂಡ. ಆಮೇಲೆ ಟೇಪಿನ ಕಡೆ ನೋಡಿದ. ಅವಳು ಅಂಟಿನ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದಳು. ಕಿವಿಗಳು ಕೆಂಪಾಗಿದ್ದವು.

“ಸರಿ, ಹಾಕ್ಕೊಂಡು ಏನು ಕಲಿತೆ, ಹೇಳು” ಎಂದರು ಮೇಡಂ.

ಅವನು ಎಡಭುಜದ ಪಟ್ಟಿಯ ಮೇಲೆ ಬೆರಳಾಡಿಸಿದ. “ಕವಚ ಮಾಡೋರಿಗೆ ಅಳತೆ ಇದ್ರೆ ಸಾಲಲ್ಲ ಮೇಡಂ. ಹಾಕ್ಕೊಳ್ಳೋನನ್ನ ತುಂಬಾ ದಿನ ನೋಡಿರಬೇಕು. ಅವನಿಗೇ ಗೊತ್ತಾಗದ ಹಾಗೆ.”

“ಒಳ್ಳೇ ಪಾಯಿಂಟ್, ಬರ್ಕೊಳ್ಳಿ” ಎಂದರು ಮೇಡಂ. ಗುಂಡ ನಿಜಕ್ಕೂ ಬರೆದುಕೊಂಡ.

ಬೆಲ್ಲಾಯಿತು. ಎಲ್ಲರೂ ದಡದಡ ಮೆಟ್ಟಿಲಿಳಿದರು. ಬಿಚ್ಚುವವರಿಲ್ಲದೆ ಅವನು ಕವಚದಲ್ಲೇ ಉಳಿದ. ಅವಳು ಬೆನ್ನ ಹಿಂದೆ ಬಂದು ನಿಂತಳು. ಮುಖ ಕಾಣದ್ದು ಎಷ್ಟು ಒಳ್ಳೆಯದಾಯಿತು ಎಂದುಕೊಂಡಳು.

“ಅಳತೆ ಯಾಕೆ ತಗೊಳ್ಳಲಿಲ್ಲ?” ಎಂದು ಅವನು ಕಿಟಕಿಯನ್ನು ಕೇಳಿದ.

“ಕೈ ಮೇಲೇಳಲಿಲ್ಲ.”

“ಕೊನೆಗೆ ಅಂದ್ರಲ್ಲ.”

“ನಮ್ಮನೇಲಿ ಹೊರಗಿನವರದು ಮೊದಲು, ಮನೆಯವರದು ಕೊನೆಗೆ. ಅದೇ ಅಭ್ಯಾಸದಲ್ಲಿ ಬಾಯಿಗೆ ಬಂದುಬಿಡ್ತು.”

ಅವಳು ಮೊದಲ ಗಂಟು ಬಿಚ್ಚಿದಳು. ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ನುಂಗುವುದರಲ್ಲಿ ಅರ್ಥವಿರಲಿಲ್ಲ.

“ಕೆಳಗಿನ ರೂಮಿಗೆ ಹೋಗಬೇಡಿ. ನೀವಂದ್ರೆ ನಂಗೆ ಇಷ್ಟ. ಯಾವಾಗಿಂದ ಅಂತ ಕೇಳಬೇಡಿ, ನಂಗೂ ಗೊತ್ತಿಲ್ಲ. ನೀವು ಕಾಣದೆ ಹೋದ್ರೆ ನಾನು ಏನು ಮಾಡಬೇಕೋ ತಿಳೀತಿಲ್ಲ.”

ರಟ್ಟಿನ ಬೆನ್ನು ಒಮ್ಮೆ ಉಬ್ಬಿ ಇಳಿಯಿತು. ಬಹಳ ಹೊತ್ತು ಹಿಡಿದಿದ್ದ ಉಸಿರು.

“ಸ್ಕೇಲು ನನ್ನ ಬ್ಯಾಗಲ್ಲೇ ಇರ್ತಿತ್ತು” ಎಂದ. “ಆದ್ರೂ ದಿನಾ ಕೇಳ್ತಿದ್ದೆ.”

ಅವಳಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ದಾರ ಎಲ್ಲಿದೆ ಎಂದೇ ಕಾಣದಾಯಿತು.

“ಇನ್ನೆಷ್ಟು ಗಂಟು ಇದೆ?”

“ಎರಡು.”

“ನಿಧಾನಕ್ಕೆ ಬಿಚ್ಚು” ಎಂದ.

‘ಬಿಚ್ಚಿ’ ಅನ್ನಲಿಲ್ಲ. ಅವಳು ಅದನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಕೇಳಿಸಿಕೊಂಡಳು.

“ಅಲ್ಲಾಡಬೇಡ ಮತ್ತೆ” ಎಂದಳು.