ಸ್ಕ್ರೂ ಮೇಲಿನ ಗುಲಾಬಿ ಬಣ್ಣ

ಮಂಗಳವಾರ, ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಕಂಪನಿಯ ವಕೀಲ ಠಾಣೆಗೆ ಬಂದ. ಕೈಯಲ್ಲಿ ದೂರಿನ ಮೂರು ಪ್ರತಿ, ಮುಖದಲ್ಲಿ ಕೆಲಸ ಆಗಲೇ ಮುಗಿಯಿತೆಂಬ ಕಳೆ. ಅವನ ಕಂಪನಿ ಮನೆಯಲ್ಲಿಟ್ಟುಕೊಳ್ಳುವ ಉಸಿರಾಟದ ಮಿಷನ್ ತಯಾರಿಸುತ್ತಿತ್ತು. ಈ ಊರಿನ ಮೂವತ್ತೇಳು ಮಿಷನ್‌ಗಳಲ್ಲಿ ಯಾರೋ ಕಂಪನಿಯ ಸಾಫ್ಟ್‌ವೇರ್ ಕದ್ದು, ತಿದ್ದಿ, ಮತ್ತೆ ತುಂಬಿದ್ದಾರೆ ಎಂಬುದು ದೂರು.

“ಮಿಷನ್ ಯಾರ್ದು?” ಇನ್ಸ್‌ಪೆಕ್ಟರ್ ಕೇಳಿದರು.

“ಕೊಂಡವರದ್ದೇ ಸಾರ್. ಒಳಗಿನ ಸಾಫ್ಟ್‌ವೇರ್ ಮಾತ್ರ ನಮ್ದು. ವರ್ಷ ವರ್ಷ ನವೀಕರಣ ಮಾಡಿಸ್ಬೇಕು. ಇಲ್ಲಾಂದ್ರೆ ಮಿಷನ್ ತಾನಾಗೇ ನಿಲ್ಲುತ್ತೆ.”

“ಒಳಗೆ ಹೋಗೋ ಗಾಳಿ ಯಾರ್ದು?”

ವಕೀಲ ದೂರಿನ ಪ್ರತಿಯನ್ನು ಮುಂದಕ್ಕೆ ತಳ್ಳಿದ. ಹನ್ನೊಂದು ಐದಕ್ಕೆ ಎಫ್‌ಐಆರ್ ದಾಖಲಾಯಿತು.

ಬರೆದವರು ಹೆಡ್ ಕಾನ್‌ಸ್ಟೆಬಲ್. ಠಾಣೆಯಲ್ಲಿ ಎಲ್ಲರೂ ಅವರನ್ನು ಕಾಯಿದೆ ಎಂದೇ ಕರೆಯುತ್ತಿದ್ದರು. ಚಹಾ ಕುಡಿಯಲೂ ಸೆಕ್ಷನ್ ಹುಡುಕುವ ಆಸಾಮಿ. ಮೂವತ್ತು ವರ್ಷದ ಸರ್ವಿಸಿನಲ್ಲಿ ಒಂದೇ ಒಂದು ಮೆಮೊ ಬಂದಿರಲಿಲ್ಲ, ಅದನ್ನು ದಿನಕ್ಕೊಮ್ಮೆಯಾದರೂ ಹೇಳದೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಮಧ್ಯಾಹ್ನ ಒಂದೂಕಾಲಿಗೆ ಇನ್ಸ್‌ಪೆಕ್ಟರ್ ಕಾಯಿದೆಯವರೊಂದಿಗೆ ದೂರಿನ ಪಟ್ಟಿಯ ಮೊದಲ ವಿಳಾಸಕ್ಕೆ ಹೋದರು. ಟೈಲರ್ ಒಬ್ಬನ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಮಂಚ. ಮಂಚದ ಮೇಲೆ ಅವನ ಹೆಂಡತಿ, ಮೂಗಿಗೆ ಕೊಳವೆ. ಪಕ್ಕದಲ್ಲಿ ಮಿಷನ್ ಗುಂಯ್ ಎನ್ನುತ್ತಿತ್ತು. ಖಾಕಿ ಕಂಡದ್ದೇ ತಡ, ಆಕೆ ಎರಡೂ ಕೈಯಿಂದ ಕೊಳವೆಯನ್ನು ಹಿಡಿದುಕೊಂಡಳು. ಇನ್ಸ್‌ಪೆಕ್ಟರರಿಗೆ ತಮ್ಮ ಸಮವಸ್ತ್ರದ ಬಗ್ಗೆ ನಾಚಿಕೆಯಾಯಿತು.

“ಇದನ್ನ ಬಿಚ್ಚಿದ್ದು ಯಾರು?”

“ಗೊತ್ತಿಲ್ಲ ಸಾರ್,” ಟೈಲರ್ ಹೇಳಿದ.

“ನಿಮ್ಮನೇಲಿರೋ ಮಿಷನ್. ನಿಮಗೇ ಗೊತ್ತಿಲ್ವಾ?”

“ನನ್ನನ್ನ ಎಳ್ಕೊಂಡ್ ಹೋಗಿ ಸಾರ್, ಬರ್ತೀನಿ. ಅದನ್ನ ಮಾತ್ರ ಮುಟ್ಬೇಡಿ, ನಿಮ್ಮ ದಮ್ಮಯ್ಯ ಅಂತೀನಿ. ನವೀಕರಣಕ್ಕೆ ದುಡ್ಡು ಕಟ್ಟಿದ್ವಿ. ಆದ್ರೂ ಎರಡು ಸಲ ನಿಂತೋಯ್ತು. ಫೋನ್ ಮಾಡಿದ್ರೆ ಒಂದು ಒತ್ತಿ, ಎರಡು ಒತ್ತಿ ಅಂತ ಹೆಂಗಸಿನ ಧ್ವನಿ. ಇಲ್ಲಿ ಇವಳ ತುಟಿ ನೀಲಿಗಟ್ತಾ ಇದೆ, ನಾನು ಮೂರು ಒತ್ತುತಾ ಕೂತಿದ್ದೆ.”

ಇನ್ಸ್‌ಪೆಕ್ಟರ್ ಮಿಷನ್‌ನ ಹಿಂಬದಿಗೆ ಟಾರ್ಚ್ ಹಿಡಿದರು. ನಾಲ್ಕು ಸ್ಕ್ರೂ. ನಾಲ್ಕರ ತಲೆಯ ಮೇಲೂ ಒಂದೊಂದು ಹನಿ ಗುಲಾಬಿ ಬಣ್ಣದ ನೇಲ್ ಪಾಲಿಶ್. ಸ್ಕ್ರೂ ಸಡಿಲವಾಗದಿರಲಿ, ಬೇರೆಯವರು ಬಿಚ್ಚಿದರೆ ತಿಳಿಯಲಿ ಎಂದು ಕೆಲವು ಮೆಕ್ಯಾನಿಕ್‌ಗಳು ಹಾಗೆ ಹಚ್ಚುತ್ತಾರೆ.

ಕಾಯಿದೆ ಬಗ್ಗಿ ನೋಡಿದವರು ಹಾಗೇ ನೆಟ್ಟಗಾದರು. “ಸಾರ್, ನಮ್ಮ ವೈರ್‌ಲೆಸ್ ಸೆಟ್ಟು.”

ಹೌದು. ಹೋದ ವರ್ಷ ಠಾಣೆಯ ವೈರ್‌ಲೆಸ್ ಕೆಟ್ಟಾಗ, ರಿಪೇರಿಯಾಗಿ ಬಂದದ್ದು ಇದೇ ಗುಲಾಬಿ ಚುಕ್ಕೆಗಳೊಂದಿಗೆ. ಸೆಟ್ಟಿಗೆ ಮದುವೆ ಗೊತ್ತಾಗಿದೆ ಎಂದು ಒಂದು ವಾರ ಎಲ್ಲರೂ ತಮಾಷೆ ಮಾಡಿದ್ದರು. ಈಗ ಯಾರಿಗೂ ನಗು ಬರಲಿಲ್ಲ. ಮಿಷನ್ ಬೇರೆಡೆಗೆ ಸಾಗದಂತೆ ಜೊತೆಗೆ ಬಂದಿದ್ದ ಮಹಿಳಾ ಕಾನ್‌ಸ್ಟೆಬಲ್ ಒಬ್ಬಳನ್ನು ಅಲ್ಲೇ ಕಾವಲಿಟ್ಟು ಹೊರಟರು.

ಸಂಜೆ ನಾಲ್ಕು ಐವತ್ತಕ್ಕೆ ಸಾಕ್ಷಿಗೆ ಪಂಚರಿಬ್ಬರೊಂದಿಗೆ, ಆ ಸೆಟ್ಟು ಸರಿಮಾಡಿದ್ದ ರಿಪೇರಿ ಅಂಗಡಿ ತಲುಪಿದರು. ಒಬ್ಬ ಪಕ್ಕದ ಕ್ಷೌರಿಕ, ಇನ್ನೊಬ್ಬ ಬೀಗದ ಕೈ ಮಾಡುವವನು. ಕದ್ದ ಮಾಲನ್ನು ಗುರುತಿಸಲು ವಕೀಲನೂ ಜೊತೆಗಿದ್ದ. ಮೆಟ್ಟಿಲ ಕೆಳಗಿನ ಅಂಗಡಿ. ಮೆಕ್ಯಾನಿಕ್ಕಿಗೆ ಐವತ್ತೈದು ದಾಟಿತ್ತು. ಕೈಯಲ್ಲಿದ್ದ ರೇಡಿಯೊ ಕೆಳಗಿಟ್ಟು ಎದ್ದು ನಿಂತ.

“ಮೂವತ್ತೇಳು ಮಿಷನ್. ನೀವೇನಾ?” ಇನ್ಸ್‌ಪೆಕ್ಟರ್ ಕೇಳಿದರು.

“ನಾನೇ ಸಾರ್.”

“ಏನ್ ಮಾಡಿದ್ರಿ?”

“ದಿನಕ್ಕೆರಡು ಸಲ, ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ, ಮಿಷನ್ ಕಂಪನಿ ಕಂಪ್ಯೂಟರನ್ನ ಕೇಳುತ್ತೆ, ನಾನು ಓಡ್ಲಾ ಅಂತ. ಕೇಳೋದನ್ನ ನಿಲ್ಸೋಕೆ ನಂಗೆ ಬರ್ಲಿಲ್ಲ. ಯಾರನ್ನ ಕೇಳ್ಬೇಕು ಅನ್ನೋದನ್ನ ಬದಲಾಯಿಸ್ದೆ. ಈಗ ನನ್ನ ಕಂಪ್ಯೂಟರನ್ನ ಕೇಳುತ್ತೆ. ಅದು ಹೂಂ ಅನ್ನುತ್ತೆ, ಅಷ್ಟೇ.”

ಅಷ್ಟರಲ್ಲಿ ಅಂಗಡಿಯ ಹಿಂಭಾಗದ ಬಟ್ಟೆ ಪರದೆಯ ಹಿಂದೆ ಗುರ್ರೆನ್ನುತ್ತಿದ್ದ ಕಂಪ್ಯೂಟರ್ ಫ್ಯಾನಿನ ಸದ್ದು ನಿಂತಿತು. ಕಾಯಿದೆ ಹೊರಬಂದರು, ಕೈಯಲ್ಲಿ ಕಿತ್ತ ವೈರು. “ಸುತ್ತೋಲೆ ಪ್ರಕಾರ ಮೊದ್ಲು ವಿದ್ಯುತ್ ಸಂಪರ್ಕ ಕಡಿತ, ಆಮೇಲೆ ಸೀಲು. ಸಮಯ ಐದು ಐದು ಸಾರ್.”

ಮೆಕ್ಯಾನಿಕ್ ವೈರಿನತ್ತ ಕೈಚಾಚಿದ. “ಅಯ್ಯೋ ಪುಣ್ಯಾತ್ಮ, ಏನ್ ಮಾಡ್ಬಿಟ್ರಿ! ಆರಕ್ಕೆ ಅಷ್ಟೂ ಮಿಷನ್ ಕೇಳ್ತಾವೆ. ಉತ್ತರ ಬರ್ದಿದ್ರೆ ಹತ್ತು ನಿಮಿಷ ಕೂಗ್ತಾವೆ, ಆಮೇಲೆ ನಿಲ್ತಾವೆ.”

ಇನ್ಸ್‌ಪೆಕ್ಟರರಿಗೆ ಕೊಳವೆಯನ್ನು ಹಿಡಿದುಕೊಂಡಿದ್ದ ಆ ಎರಡು ಕೈಗಳು ಕಣ್ಣಮುಂದೆ ಬಂದವು. ವೈರು ಚುಚ್ಚಿಸಿದರು. ಹಳೇ ಕಂಪ್ಯೂಟರ್ ಎದ್ದಿತು, ಆದರೆ ತಟ್ಟನೆ ಕಿತ್ತಿದ್ದಕ್ಕೆ ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳತೊಡಗಿತು. ಶೇಕಡಾ ಎರಡು. ಮೂರು.

“ಇದು ಸಾಕ್ಷ್ಯ ನಾಶ!” ವಕೀಲ ಕೂಗಿದ. “ಆರೋಪಿ ಅದನ್ನ ಮುಟ್ಟೋ ಹಾಗಿಲ್ಲ. ಇವನ ನಾಟಕ ನಂಬ್ಬೇಡಿ.”

“ಸರಿ. ಹಾಗಾದ್ರೆ ನಿಮ್ಮ ಕಂಪನೀಗೆ ಹೇಳಿ, ಆರರೊಳಗೆ ಮೂವತ್ತೇಳೂ ಓಡೋ ಹಾಗೆ ನೀವೇ ಮಾಡಿ,” ಎಂದರು ಇನ್ಸ್‌ಪೆಕ್ಟರ್.

ವಕೀಲ ಹುಮ್ಮಸ್ಸಿನಿಂದಲೇ ಫೋನ್ ಮಾಡಿದ. ಮೇಲಧಿಕಾರಿಗಳ ಫೋನು ಬಂದ್. ಕೊನೆಗೆ ಗ್ರಾಹಕರ ಸಹಾಯವಾಣಿಗೇ ಹಚ್ಚಿದ. ಒಂದು ಒತ್ತಿ ಎಂದಿತು, ಒತ್ತಿದ. ಮೂರು ಒತ್ತಿ ಎಂದಿತು, ಒತ್ತಿದ. ಆಮೇಲೆ ಸಂಗೀತ ಶುರುವಾಯಿತು. ಐದು ಇಪ್ಪತ್ತೈದು. ಐದು ನಲವತ್ತು. ಸಂಗೀತ ನಿಲ್ಲಲಿಲ್ಲ. ವಕೀಲ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. “ನಮ್ಮವರು ಎತ್ತುತಾರೆ ಸಾರ್, ಎತ್ತೇ ಎತ್ತುತಾರೆ,” ಎಂದ, ಯಾರೂ ಕೇಳದಿದ್ದರೂ.

ಕಾಯಿದೆ ಆಸ್ಪತ್ರೆಗೆ ಫೋನ್ ಮಾಡಿ ಬಂದರು. “ಮೂರೇ ಆಂಬುಲೆನ್ಸ್ ಇರೋದಂತೆ. ಸಾರ್, ನಾನು ರೂಲ್ ಪ್ರಕಾರವೇ…”

“ಗೊತ್ತು. ಬರ್ಕೊಳ್ಳಿ. ಐದು ನಲವತ್ತೊಂದು. ಜೀವಾಪಾಯ ತಪ್ಪಿಸಲು, ಪಂಚರ ಸಮಕ್ಷಮ, ಆರೋಪಿಗೆ ಪಾಸ್‌ವರ್ಡ್ ಒತ್ತಲು ಅನುಮತಿಸಲಾಗಿದೆ. ಜವಾಬ್ದಾರಿ ನನ್ನದು.”

ಪಾಸ್‌ವರ್ಡ್ ಕೇಳುವ ಪರದೆಯಾದರೂ ಬರಬೇಕಲ್ಲ. ಶೇಕಡಾ ಎಪ್ಪತ್ತು. ಎಪ್ಪತ್ತೆರಡು. ಕ್ಷೌರಿಕ ಉಗುರು ಕಚ್ಚುತ್ತಿದ್ದ. ಆರು ಹೊಡೆಯಿತು. ಟೈಲರ್ ಮನೆಯಿಂದ ಕಾವಲಿನವಳ ಫೋನು.

“ಸಾರ್, ಮಿಷನ್ ಕೂಗ್ತಿದೆ. ಅಕ್ಕ ತುಂಬಾ ಹೆದರ್ಕೊಂಡಿದ್ದಾರೆ.”

“ಫೋನ್ ಇಡ್ಬೇಡಮ್ಮ. ಅವರ ಕೈ ಹಿಡ್ಕೋ.”

ಆ ಸಣ್ಣ ಕೂಗು ಫೋನಿನೊಳಗಿಂದ ಅಂಗಡಿ ತುಂಬ ಕೇಳುತ್ತಿತ್ತು, ಜೊತೆಗೆ ವಕೀಲನ ಫೋನಿನ ಸಂಗೀತ. ಆರು ನಾಲ್ಕು. ತೊಂಬತ್ತೈದು. ಆರು ಏಳಕ್ಕೆ ಪರದೆ ಬಂತು. ಮೆಕ್ಯಾನಿಕ್ ಒತ್ತಿದ, ಬೆರಳು ತಪ್ಪಿತು. ಮತ್ತೆ ಒತ್ತಿದ.

“ನಿಂತೋಯ್ತು ಸಾರ್,” ಎಂದಳು ಕಾನ್‌ಸ್ಟೆಬಲ್.

ಮೆಕ್ಯಾನಿಕ್ ಕೀಬೋರ್ಡಿನಿಂದ ಕೈ ತೆಗೆದ.

“ಕೂಗು ನಿಂತೋಯ್ತು. ಮಿಷನ್ ಓಡ್ತಿದೆ. ಅಕ್ಕ ಅಳ್ತಿದ್ದಾರೆ, ಪರವಾಗಿಲ್ಲ ಸಾರ್, ಅಳೋಷ್ಟು ಉಸಿರಿದೆ.”

ಪರದೆಯ ಮೇಲೆ ಒಂದೊಂದೇ ಸಾಲು ಮೂಡಿ ಮೂವತ್ತೇಳಾಯಿತು. ಕಾಯಿದೆ ಗೋಡೆಗೊರಗಿ ನೆಲದ ಮೇಲೇ ಕುಳಿತುಬಿಟ್ಟರು. ವಕೀಲ ಫೋನ್ ಆರಿಸಿ ಜೇಬಿಗಿಟ್ಟ. ಅಷ್ಟು ಹೊತ್ತಾದರೂ ಯಾರೂ ಎತ್ತಿರಲಿಲ್ಲ.

ಆರು ನಲವತ್ತಕ್ಕೆ ಮೆಕ್ಯಾನಿಕ್ಕನ್ನು ದಸ್ತಗಿರಿ ಮಾಡಲಾಯಿತು. ಕಂಪ್ಯೂಟರಿಗೆ ಸೀಲು ಹಾಕಲಿಲ್ಲ. ನಾಳೆ ನ್ಯಾಯಾಲಯ ಹೇಳುವವರೆಗೆ ಓಡುತ್ತಲೇ ಇರಲಿ ಎಂದು ಅಂಗಡಿಯ ಬಾಗಿಲಿಗೆ ಮಾತ್ರ ಸೀಲು ಹಾಕುವುದೆಂದಾಯಿತು.

“ಬೆಳಗಿನ ಆರಕ್ಕೆ ಮತ್ತೆ ಕೇಳುತ್ತಲ್ಲ ಸಾರ್. ಕರೆಂಟ್ ಗಿರೆಂಟ್ ಹೋದ್ರೆ? ಬಾಗಿಲ ಹತ್ರ ನಾನೇ ಕೂರ್ತೀನಿ,” ಎಂದರು ಕಾಯಿದೆ.

“ಯಾವ ಸೆಕ್ಷನ್ ಪ್ರಕಾರ?”

“ಬರೆಯೋವಾಗ ಹುಡುಕ್ತೀನಿ ಬಿಡಿ.”

ಪಂಚನಾಮೆಗಾಗಿ ಅವರು ಕಪಾಟಿನ ಮೇಲಿನ ಹಲಗೆಯಿಂದ ಬಟ್ಟೆ ಸುತ್ತಿದ್ದ ಒಂದು ಮಿಷನ್ ಇಳಿಸಿದರು. ಅದೇ ಕಂಪನಿಯದು. ತಿರುಗಿಸಿ ನೋಡಿದರೆ ಸ್ಕ್ರೂಗಳಿಗೆ ಬಣ್ಣವಿಲ್ಲ. ತೆರೆಯುವುದು ಅಪರಾಧ ಎಂಬ ಸ್ಟಿಕ್ಕರ್ ಅಂಟಿಸಿದಂತೆಯೇ ಇತ್ತು.

“ಇದನ್ಯಾಕೆ ಬಿಚ್ಚದೆ ಬಿಟ್ರಿ?” ಇನ್ಸ್‌ಪೆಕ್ಟರ್ ಕೇಳಿದರು.

“ನನ್ನ ಹೆಂಡ್ತೀದು.” ಮೆಕ್ಯಾನಿಕ್ ಅದನ್ನೇ ನೋಡುತ್ತಿದ್ದ. “ಎಲ್ಲಾ ಕಟ್ಟಿದ್ದೆ, ರಸೀದಿ ಇತ್ತು. ಅವರ ಪಟ್ಟೀಲಿ ನಮ್ಮ ಹೆಸರು ಬಿಟ್ಟೋಗಿತ್ತಂತೆ, ಅದು ಆಮೇಲೆ ಗೊತ್ತಾಗಿದ್ದು. ಮಿಷನ್ ನಿಲ್ತು. ನಾನು ಫೋನ್ ಹಿಡ್ಕೊಂಡು ಕೂತೆ. ಆ ಸಂಗೀತ ಈಗ ನೀವೂ ಕೇಳಿದ್ರಲ್ಲ, ಅದೇ.”

“ಬಿಚ್ಚೋಕೆ ಬರ್ತಿರ್ಲಿಲ್ವಾ?”

“ಬರ್ತಿತ್ತು ಸಾರ್. ಸ್ಕ್ರೂಡ್ರೈವರ್ ಜೇಬಲ್ಲೇ ಇತ್ತು. ಸ್ಟಿಕ್ಕರ್ ಓದ್ದೆ, ತಪ್ಪು ಅಂತ ಸುಮ್ನಾದೆ. ಅವಳು ನನ್ನನ್ನೇ ನೋಡ್ತಿದ್ಲು.”

ಮೇಜಿನ ಮೇಲೆ ನೇಲ್ ಪಾಲಿಶ್‌ನ ಪುಟ್ಟ ಸೀಸೆ ಇತ್ತು, ತಳದಲ್ಲಿ ಸ್ವಲ್ಪವೇ ಬಣ್ಣ. ಅದು ಯಾರದೆಂದು ಇನ್ಸ್‌ಪೆಕ್ಟರ್ ಕೇಳಲಿಲ್ಲ.

ಕಾಯಿದೆ ಪೆನ್ನಿನ ಮುಚ್ಚಳ ತೆಗೆದು, ಎಂದಿನ ದುಂಡಗಿನ ಅಕ್ಷರದಲ್ಲಿ ಕೊನೆಯ ಸಾಲು ಬರೆದರು: ಉಸಿರಾಟದ ಮಿಷನ್, ಒಂದು. ಬಿಚ್ಚಿದ ಗುರುತು ಇರುವುದಿಲ್ಲ.